ಹಗೇವಿನ ಹುಳ ಬಾಯಾರಿ ಸಾಯುತ್ತದೆ

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಾಗಲಿ, ರೋಣ ಸೀಮೆಯ ಇನ್ನಾವುದೇ ಹಳ್ಳಿಯಾಗಲಿ, ಹಗೇವು ತೆಗೆಯುವುದನ್ನು ಕಣ್ಣಾರೆ ಕಂಡವರು ಬೇಕೆಂದರೆ ಈಗ ಕಟ್ಟೆಯ ಮೇಲೆ ಕೂತ ಹಿರಿಯರನ್ನೇ ಕೇಳಬೇಕು. ಓಣಿಗೆ ಕಾಂಕ್ರೀಟ್ ಬಿದ್ದಾಗ ಎಷ್ಟೋ ಹಗೇವುಗಳ ಬಾಯಿ ಶಾಶ್ವತವಾಗಿ ಮುಚ್ಚಿತು. ಪ್ಲಾಸ್ಟಿಕ್ ಚೀಲ ಬಂದ ಮೇಲೆ ಉಳಿದವುಗಳ ಗರಜೂ ತಪ್ಪಿತು.

ಹಗೇವು ಎಂದರೆ ನೆಲದೊಳಗಿನ ಕಣಜ. ಒಬ್ಬ ಆಳು ಇಳಿಯುವಷ್ಟು ಸಣ್ಣ ಬಾಯಿ, ಕೆಳಗೆ ಹೋದಂತೆ ಅಗಲವಾಗುವ ಹೊಟ್ಟೆ. ತಳಕ್ಕೂ ಸುತ್ತಲ ಗೋಡೆಗೂ ಕಣಿಕೆ, ಹೊಟ್ಟು ಒತ್ತಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹರಡಿ, ಹಾಸುಗಲ್ಲು ಮುಚ್ಚಿ, ಸಂದಿಗೆಲ್ಲ ಕೆಸರು ಮೆತ್ತಿ, ಮೇಲೆ ಮಣ್ಣೆಳೆದರೆ ಕೆಲಸ ಮುಗಿಯಿತು. ಬರ ಬಂದ ವರ್ಷವೋ, ಧಾರಣಿ ಏರಿದಾಗಲೋ ತೆಗೆಯಬೇಕು. ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಕಲ್ಲು ಸರಿಸಿ ತಾಸುಗಟ್ಟಲೆ ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಡುತ್ತಿದ್ದರು. ದೀಪ ಆರಿದರೆ ಮೇಲಿನಿಂದ ಹಿರಿಯರು ಕೂಗುತ್ತಿದ್ದರು: ‘ಇಳೀಬ್ಯಾಡೋ ತಮ್ಮಾ, ಇನ್ನೂ ಉಸುರು ಐತಿ ಒಳಗ!’ ಅವರು ಹೇಳುತ್ತಿದ್ದುದು ಹಗೇವಿನ ಉಸಿರು. ಅವಸರ ಮಾಡಿ ಇಳಿದವನು ಅಲ್ಲೇ ಕುಸಿದು, ಅವನನ್ನು ಎತ್ತಲು ಇಳಿದವನೂ ಮೇಲೆ ಬಾರದ ಸುದ್ದಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ.

ಹಗೇವು ಉಸಿರಾಡುತ್ತದೆ ಎಂಬ ಮಾತು ಅಕ್ಷರಶಃ ನಿಜ. ಒಣಗಿದ ಜೋಳದ ಕಾಳಿಗೂ ಜೀವವಿದೆ, ಅದು ನಿಧಾನವಾಗಿ ಉಸಿರಾಡುತ್ತಲೇ ಇರುತ್ತದೆ. ಕಾಳಿನೊಡನೆ ಒಳಗೆ ಸೇರಿದ ನುಸಿ ಇನ್ನೂ ಜೋರಾಗಿ ಉಸಿರಾಡುತ್ತದೆ. ಗಾಳಿ ಆಡದ ಗುಂಡಿಯಲ್ಲಿ ಆಮ್ಲಜನಕ ತೀರುತ್ತ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ನುಸಿ ಸಾಯುತ್ತದೆ, ಜೋಳ ಉಳಿಯುತ್ತದೆ. ಶಾಲೆಯ ವಿಜ್ಞಾನ ಇಷ್ಟನ್ನು ಹೇಳುತ್ತದೆ. ಹುಳ ಉಸಿರುಗಟ್ಟಿ ಸತ್ತಿತು ಎಂದು ನಾವೂ ಸುಮ್ಮನಾಗುತ್ತೇವೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಲ್ಯಾರಿ ಮರ್ಡಾಕ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನಿನಲ್ಲಿ ಅವರ ತಂಡ ಅಲಸಂದಿ ಕಾಳನ್ನು ಹುಳದಿಂದ ಉಳಿಸುವ ದಾರಿ ಹುಡುಕುತ್ತಿತ್ತು. ಗಾಳಿಯಾಡದಂತೆ ಕಟ್ಟಿಟ್ಟರೆ ಕಾಳು ಉಳಿಯುತ್ತದೆ ಎಂಬುದು ಬೇಗ ಗೊತ್ತಾಯಿತು. ಯಾಕೆ ಉಳಿಯುತ್ತದೆ ಎಂಬುದಕ್ಕೆ ಉತ್ತರ ಪ್ರಕಟವಾದದ್ದು 2012ರಲ್ಲಿ. ಕಾಳಿನೊಳಗಿನ ಹುಳ ನೀರನ್ನು ಕಂಡದ್ದೇ ಇಲ್ಲ. ಮೊಟ್ಟೆ ಒಡೆದು, ಕಾಳು ಕೊರೆದು, ಒಳಗೇ ಬೆಳೆದು ಹೊರಬೀಳುವವರೆಗೆ ಅದಕ್ಕೆ ಸಿಗುವುದು ಒಣ ಹಿಟ್ಟೊಂದೇ. ತಿಂದದ್ದನ್ನು ಆಮ್ಲಜನಕದೊಡನೆ ಉರಿಸಿದಾಗ ಮೈಯೊಳಗೇ ಹುಟ್ಟುವ ನೀರೇ ಅದಕ್ಕೆ ಗತಿ. ಆಮ್ಲಜನಕ ಕಡಿಮೆಯಾದರೆ ಆ ನೀರೂ ಇಲ್ಲ. ಮರಿಹುಳ ಮೊದಲು ತಿನ್ನುವುದನ್ನು ನಿಲ್ಲಿಸುತ್ತದೆ, ಆಮೇಲೆ ದಿನದಿನಕ್ಕೆ ಒಣಗುತ್ತ ಹೋಗಿ ಸಾಯುತ್ತದೆ. ಅಂದರೆ ಅದು ಸಾಯುವುದು ಬಾಯಾರಿಕೆಯಿಂದ. ಪ್ರಯೋಗ ನಡೆದದ್ದು ಅಲಸಂದಿಯ ಹುಳದ ಮೇಲೆ. ಆದರೆ ಒಣ ಕಾಳಿನಲ್ಲಿ ಬದುಕುವ ನಮ್ಮ ಜೋಳದ ನುಸಿಯ ಪಾಡೂ ಬಹಳ ಬೇರೆಯಲ್ಲ.

ಹುಳ ಹೇಗೆ ಸತ್ತರೇನು, ಸತ್ತರೆ ಸಾಕಲ್ಲ? ಹಾಗಲ್ಲ. ಹುಳ ಸಾಯುವುದಕ್ಕೆ ಮೊದಲೇ ತಿನ್ನುವುದನ್ನು ಬಿಡುತ್ತದೆ ಎಂದಾದರೆ ಔಷಧಿ ಬೇಕಿಲ್ಲ, ಪೂರ್ತಿ ನಿರ್ವಾತವೂ ಬೇಕಿಲ್ಲ. ಬಿಗಿಯಾಗಿ ಬಾಯಿ ಕಟ್ಟಿದ ಚೀಲವೊಂದು ಸಾಕು. ಪರ್ಡ್ಯೂ ತಂಡದ ಮೂರು ಪದರದ ಚೀಲ ಈ ವಿವರಣೆಗಿಂತ ಮೊದಲೇ ಹುಟ್ಟಿತ್ತು, ಅದು ಯಾಕೆ ಸಾಕಾಗುತ್ತದೆ ಎಂಬುದು ಇದರಿಂದ ತಿಳಿಯಿತು. ಹೊರಗೆ ಮಾಮೂಲಿ ನೇಯ್ದ ಪ್ಲಾಸ್ಟಿಕ್ ಚೀಲ, ಒಳಗೆ ದಪ್ಪ ಪಾಲಿಥೀನಿನ ಎರಡು ಚೀಲ, ಒಂದೊಂದಕ್ಕೂ ಬೇರೆ ಗಂಟು. ಆಫ್ರಿಕಾದ ಹಲವು ದೇಶಗಳಲ್ಲಿ ಸಣ್ಣ ರೈತರು ಅದನ್ನು ಕೊಂಡು ಬಳಸುತ್ತಾರೆ. ಒಂದು ರೀತಿಯಲ್ಲಿ ಅದು ಹೆಗಲ ಮೇಲೆ ಹೊರಬಹುದಾದ ಹಗೇವು.

ಇಲ್ಲಿ ಒಂದು ಮಾತು. ‘ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು’ ಎಂದು ವಾಟ್ಸ್ಆ್ಯಪಿನಲ್ಲಿ ಹರಿದಾಡುವ ಹೆಮ್ಮೆಯನ್ನು ನಾನು ಒಪ್ಪುವುದಿಲ್ಲ. ಹಗೇವಿನಲ್ಲಿ ಜೋಳ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದು ಸಣ್ಣ ಮಾತಲ್ಲ. ಗೋಡೆಗೆ ತಾಗಿದ ಕಾಳು ಕರ್ರಗಾಗಿ ಮುಗ್ಗಲು ಹಿಡಿಯುತ್ತದೆ ಎಂಬುದೂ ಗೊತ್ತಿತ್ತು, ತಡೆಯುವ ದಾರಿ ಗೊತ್ತಿರಲಿಲ್ಲ. ಬಿತ್ತನೆಯ ಬೀಜವನ್ನು ಬೂದಿ ಕಲಸಿ ಗಡಿಗೆಯಲ್ಲಿ ಬೇರೆಯೇ ಇಡುತ್ತಿದ್ದರು. ಬಿಸಿ, ತೇವ, ಗಾಳಿಯಿಲ್ಲದ ಜಾಗ ಮೂರೂ ಕೂಡಿದರೆ ಕಾಳಿನೊಳಗಿನ ಮೊಳಕೆ ಸಾಯುತ್ತದೆ ಎಂಬ ವಿವರಣೆ ಆಮೇಲೆ ಬಂತು. ರೂಢಿ ಏನು ಮಾಡಬೇಕೆಂದು ಹೇಳುತ್ತದೆ. ಯಾಕೆ ಎಂದು ತಿಳಿದಾಗ ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ. ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹಳ್ಳಿಯ ಬದುಕಿಗೇನು ಉಪಯೋಗ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಉಳಿದ ಉದಾಹರಣೆಗಳಿಗೂ ಜೋಳದ ಬೆನ್ನು ಹತ್ತಿದರೆ ಸಾಕು.

ಹಗೇವನ್ನು ಕಪ್ಪು ಮಣ್ಣಿನ ಎರೆ ಹೊಲದಲ್ಲಿ ತೋಡುತ್ತಿರಲಿಲ್ಲ. ಗರಸು ಇರುವ ಗಟ್ಟಿ ನೆಲ, ಊರ ಎತ್ತರದ ಜಾಗ, ಮನೆಯ ಮುಂದಿನ ಅಂಗಳ ನೋಡಿ ತೋಡುತ್ತಿದ್ದರು. ಗಜೇಂದ್ರಗಡದ ಕಡೆ ಮರಳುಗಲ್ಲಿನ ಗುಡ್ಡವೂ ಮಸಾರಿಯೂ ಇರುವುದರಿಂದ ಅಂಥ ನೆಲಕ್ಕೆ ಕೊರತೆಯಿಲ್ಲ. ರೋಣ ದಾಟಿ ನರಗುಂದದ ಕಡೆ ಹೋದರೆ ಕಣ್ಣು ಹಾಯುವಷ್ಟೂ ಎರೆ. ಅಲ್ಲಿ ಬೇಸಿಗೆಯಲ್ಲಿ ಹೊಲ ದಾಟುವವರು ಕಾಲಿನ ಕಡೆ ನೋಡಿಕೊಂಡೇ ನಡೆಯಬೇಕು. ಬಿರುಕಿನಲ್ಲಿ ಕೋಲು ಬಿಟ್ಟರೆ ಮೊಳಗಟ್ಟಲೆ ಇಳಿಯುತ್ತದೆ. ಮಳೆ ಬಿದ್ದರೆ ಅದೇ ಹೊಲ ಬಿರುಕಿನ ಗುರುತೂ ಇಲ್ಲದಂತೆ ಕೂಡಿಕೊಂಡು, ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ.

ಈ ಮಣ್ಣಿನ ಗುಟ್ಟು ಇರುವುದು ಮಾಂಟ್ಮೊರಿಲೊನೈಟ್ ಮತ್ತು ಅದರ ಜಾತಿಯ ಜೇಡಿ ಖನಿಜಗಳಲ್ಲಿ. 1930ರ ದಶಕದಲ್ಲಿ ಎಕ್ಸ್-ಕಿರಣ ಹಾಯಿಸಿ ನೋಡಿದಾಗ ಅದರ ರಚನೆ ತಿಳಿಯಿತು: ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ತೆಳು ಪದರ, ಪದರಗಳ ನಡುವೆ ನೀರು ಹೊಗುವ ಸಂದು. ನೀರು ಹೊಕ್ಕಾಗ ಹಾಳೆಗಳು ದೂರ ಸರಿದು ಮಣ್ಣು ಉಬ್ಬುತ್ತದೆ. ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ. ಮಳೆಗಾಲದಲ್ಲಿ ಕೆಳಗಿನದು ಉಬ್ಬಲು ಜಾಗವಿಲ್ಲದೆ ಓರೆಯಾಗಿ ಮೇಲಕ್ಕೆ ಒತ್ತುತ್ತದೆ. ಆಳವಾಗಿ ತೋಡಿದಾಗ ಕಾಣುವ, ತೇಯ್ದಂತೆ ಹೊಳೆಯುವ ಮಣ್ಣಿನ ಮುಖಗಳು ಈ ತಳ್ಳಾಟದ ಗುರುತು. ಹೊಲ ತನ್ನನ್ನು ತಾನೇ ನಿಧಾನವಾಗಿ ಮಗುಚಿಕೊಳ್ಳುತ್ತಿರುತ್ತದೆ. ಎರೆ ನೆಲದ ಮೇಲೆ ಕಟ್ಟಿದ ಗೋಡೆ ಓರೆಯಾಗಿ ಸೀಳುವುದು, ಡಾಂಬರು ರಸ್ತೆ ಅಲೆಅಲೆಯಾಗುವುದು ಇದರಿಂದಲೇ. ಬುನಾದಿಗೆ ಎರೆ ತೆಗೆದು ಗರಸು ತುಂಬುವುದೂ, ಹಗೇವಿಗೆ ಗರಸು ನೆಲ ಹುಡುಕುವುದೂ ಒಂದೇ ಕಾರಣಕ್ಕೆ. ಉಬ್ಬಿ ಕುಗ್ಗುವ ನೆಲದಲ್ಲಿ ಗಾಳಿ ಆಡದ ಗುಂಡಿ ನಿಲ್ಲುವುದಿಲ್ಲ.

ಬಣ್ಣ ನೋಡಿ ಎರೆ ಬಹಳ ಫಲವತ್ತು ಎಂದುಕೊಳ್ಳುವವರಿದ್ದಾರೆ. ಪ್ರಯೋಗಾಲಯದಲ್ಲಿ ಅಳೆದರೆ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಇರುವ ಅಲ್ಪಸ್ವಲ್ಪ ಜೇಡಿಗೆ ಅಂಟಿಕೊಂಡು ಕಪ್ಪು ಬಣ್ಣ ಕೊಡುತ್ತದೆ, ಅಷ್ಟೇ. ಎರೆಯ ನಿಜವಾದ ಸಂಪತ್ತು ನೀರು. ಒಂದು ಮೀಟರ್ ಆಳದ ಎರೆ ಬೆಳೆಯ ಬೇರಿಗೆ ಸಿಗುವಂಥ ಸುಮಾರು 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು. ವರ್ಷದ ಮಳೆಯೇ ಸುಮಾರು 600 ಮಿಲಿಮೀಟರ್ ಇರುವ ಗದಗ ಜಿಲ್ಲೆಯಲ್ಲಿ ಇದೇನು ಕಡಿಮೆಯಲ್ಲ. ಹಿಂಗಾರಿ ಜೋಳ ಬಿತ್ತಿದ ಮೇಲೆ ಒಂದೆರಡು ಮಳೆ ಬಂದರೆ ಬಂತು, ಬರದಿದ್ದರೂ ತೆನೆ ಕಟ್ಟುವುದುಂಟು. ಬೆಳೆ ಬದುಕುವುದು ಹೊಲದೊಳಗಿನ ಈ ಕೂಡಿಟ್ಟ ನೀರಿನ ಮೇಲೆ, ಚಳಿಗಾಲದ ಇಬ್ಬನಿಯ ಮೇಲಲ್ಲ.

ಆ ನೀರು ಎಷ್ಟು ಇಂಗುತ್ತದೆ, ಎಷ್ಟು ಹರಿದುಹೋಗುತ್ತದೆ, ಎಷ್ಟು ಆವಿಯಾಗುತ್ತದೆ ಎಂದು ಅಳೆಯುವ ಕೆಲಸ ನಮ್ಮ ಪಕ್ಕದಲ್ಲೇ ಶುರುವಾಯಿತು. ಬ್ರಿಟಿಷ್ ಕಾಲದ ಕೃಷಿ ಸಂಶೋಧನಾ ಮಂಡಳಿ 1930ರ ದಶಕದಲ್ಲಿ ಒಣಬೇಸಾಯದ ಐದು ಕೇಂದ್ರಗಳನ್ನು ನಡೆಸಿತು: ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ತಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಬದು ಹಾಕಿರಿ, ಕೆಲವು ವರ್ಷಕ್ಕೊಮ್ಮೆ ಆಳವಾಗಿ ರಂಟೆ ಹೊಡೆಯಿರಿ, ಸಾಲಿನ ಅಂತರ ಹೆಚ್ಚಿಸಿರಿ, ಬೀಜ ಕಡಿಮೆ ಹಾಕಿರಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ ಎಂಬುದು ಅವುಗಳ ಸಲಹೆ. ಇದಕ್ಕೆ ಮುಂಬಯಿ ಒಣಬೇಸಾಯ ಪದ್ಧತಿ ಎಂದೇ ಹೆಸರಾಯಿತು.

ರೈತರು ಇದನ್ನು ಪೂರ್ತಿ ಒಪ್ಪಲಿಲ್ಲ. ಯಾಕೆಂದರೆ ಇಷ್ಟೆಲ್ಲ ಮಾಡಿದರೂ ಇಳುವರಿ ಹೆಚ್ಚುತ್ತಿದ್ದುದು ಸುಮಾರು ಶೇ 15–20. ಎಕರೆಗೆ ಒಂದೆರಡು ಚೀಲ ಬೆಳೆಯುವವನಿಗೆ ಅದು ಹತ್ತಾರು ಸೇರುಗಳ ಲಾಭ. ಬದು ಹಾಕುವ ಖರ್ಚು ಮಾತ್ರ ಇಡಿಯಾಗಿ ಮೈಮೇಲೆ ಬೀಳುತ್ತದೆ. ಸಂಶೋಧಕರ ಲೆಕ್ಕ ಹಲವು ವರ್ಷಗಳ ಸರಾಸರಿಯದು. ಸರಾಸರಿ ಮಳೆಯ ವರ್ಷವನ್ನು ರೋಣದ ರೈತ ಎಂದು ಕಂಡಿದ್ದಾನೆ? ಈ ವಿಷಯದಲ್ಲಿ ನಾನು ರೈತರ ಪರ. ಆದರೆ ಎಡೆಕುಂಟಿಯ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ಬಂದು ನಿಂತರು. ಬೆಳೆಯ ಸಾಲಿನ ನಡುವೆ ಕುಂಟೆ ಹೊಡೆದರೆ ಕಳೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುವ ಲಾಭ. ಬಾಯಿ ಬಿಡುತ್ತಿದ್ದ ಬಿರುಕು ಪುಡಿಮಣ್ಣಿನಿಂದ ಮುಚ್ಚಿ, ಆಳದ ನೀರು ಆವಿಯಾಗುವುದು ಕಡಿಮೆಯಾಗುತ್ತದೆ ಎಂಬುದು ಕಾಣದ ಲಾಭ. ಕಳೆ ಇಲ್ಲದ ಹೊಲದಲ್ಲೂ ಬಿರುಕು ಕಂಡರೆ ಎಡೆ ಹೊಡೆಯಬೇಕು ಎಂಬ ಮಾತಿಗೆ ಬಲ ಬಂದದ್ದು ಈ ಎರಡನೆಯ ಕಾರಣದಿಂದ. ಮಳೆಗಾಲದಲ್ಲಿ ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ, ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುವ ಕ್ರಮವನ್ನು ವಿಜಯಪುರದ ಕೇಂದ್ರ ಮುಂದೆ ಪ್ರಚಾರ ಮಾಡಿತು. ದೊಡ್ಡ ಬದುವಿಗಿಂತ ಇದು ಅಗ್ಗ, ಎತ್ತು ಕಟ್ಟಿಯೂ ಮಾಡಬಹುದು. ಹಾಗಾಗಿ ಇದನ್ನು ಒಪ್ಪಿದವರು ಹೆಚ್ಚು.

ನೀರು ಹಿಡಿಯುವ ಗುಣವೇ ಎರೆಗೆ ಮುಳುವಾಗುವುದೂ ಉಂಟು. ನವಿಲುತೀರ್ಥದ ಅಣೆಕಟ್ಟು 1970ರ ದಶಕದಲ್ಲಿ ಮುಗಿದು ಮಲಪ್ರಭೆಯ ಕಾಲುವೆ ನರಗುಂದ, ನವಲಗುಂದದ ಎರೆಗೆ ಬಂತು. ಕಾಲುವೆಯ ಜೊತೆ ಬಂದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ರೈತರು ಬೀದಿಗಿಳಿದದ್ದು, ಗೋಲಿಬಾರ್ ಆದದ್ದು, ಕರ್ನಾಟಕದ ರಾಜಕೀಯವೇ ಬದಲಾದದ್ದು ಎಲ್ಲರಿಗೂ ಗೊತ್ತು. ಅಷ್ಟು ಸುದ್ದಿಯಾಗದ ಇನ್ನೊಂದು ಸಂಗತಿ ಸವಳು–ಜವಳು. ನೀರನ್ನು ಬಿಡದ ಜೇಡಿಗೆ ಮೇಲಿಂದ ಮೇಲೆ ನೀರು ಕೊಟ್ಟರೆ ಅದು ಬಸಿಯುವುದಿಲ್ಲ. ಕೆಳಗಿನ ನೀರು ಮೇಲೇರಿ, ಬಿಸಿಲಿಗೆ ಆವಿಯಾಗಿ, ತಂದ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಅಚ್ಚುಕಟ್ಟಿನ ತಗ್ಗು ಹೊಲಗಳಲ್ಲಿ ಬಿಳಿ ಪೊರೆ ಕಟ್ಟಿ ಬೆಳೆ ಏಳದಿರುವುದು ಹೀಗೆ. ಪದರಗಳ ನಡುವಿನ ಸಂದನ್ನು ತಿಳಿದವರಿಗೆ ಇದು ಅನಿರೀಕ್ಷಿತವೇನಲ್ಲ. ಕಾಲುವೆ ತೋಡುವಾಗಲೇ ಬಸಿಗಾಲುವೆಯನ್ನೂ ತೋಡಬೇಕಿತ್ತು.

ಇನ್ನು ಜೋಳ ಒಲೆಯ ಹತ್ತಿರ ಬರಲಿ.

1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು. ಗಿಡ ಗಿಡ್ಡ, ಬೇಗ ಕೊಯ್ಲು, ಇಳುವರಿ ನಾಡ ಜೋಳದ ಎಷ್ಟೋ ಪಟ್ಟು. ಆದರೆ ಪೇಟೆಯಲ್ಲಿ ಧಾರಣಿ ಕಡಿಮೆ. ಮುಂಗಾರಿನ ಮಳೆಗೆ ಸಿಕ್ಕ ಕಾಳು ಬೂಷ್ಟು ಹಿಡಿದು ಕರ್ರಗಾಗುತ್ತಿತ್ತು, ಕಣಿಕೆಯೂ ದನಕ್ಕೆ ಸಾಲುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳು ಒಪ್ಪಲಿಲ್ಲ. ‘ಜಿಗೀನ ಇಲ್ಲವ್ವಾ ಇದಕ್ಕ, ಬಡದ್ರ ಅಂಚಿಗೆ ಹರೀತೈತಿ’ ಎಂಬ ಒಂದು ಮಾತಿನಲ್ಲಿ ಅವರ ತೀರ್ಮಾನ ಮುಗಿಯುತ್ತಿತ್ತು. ರೊಟ್ಟಿಗೆ ಬೇಕಾದದ್ದು ಮಾಲದಂಡಿ ಜೋಳ. ಅದರಿಂದ 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ಎಂ 35-1 ತಳಿಯನ್ನು ಹಿಂಗಾರಿ ಹೊಲದಿಂದ ಓಡಿಸಲು ಅಲ್ಲಿಂದೀಚೆ ಬಂದ ಎಷ್ಟೋ ತಳಿಗಳಿಗೆ ಆಗಿಲ್ಲ.

‘ಜಿಗಿ ಇಲ್ಲ’ ಎಂಬ ದೂರನ್ನು ವಿಜ್ಞಾನ ಗಂಭೀರವಾಗಿ ತೆಗೆದುಕೊಳ್ಳಲು ಒಂದೂವರೆ ದಶಕಕ್ಕೂ ಹೆಚ್ಚು ಹಿಡಿಯಿತು. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ 1981ರಲ್ಲಿ ಜೋಳದ ಕಾಳಿನ ಗುಣಮಟ್ಟದ ಬಗ್ಗೆಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಅಲ್ಲಿ ಡಿ.ಎಸ್. ಮೂರ್ತಿ ಮತ್ತು ವಿ. ಸುಬ್ರಮಣಿಯನ್ ಮಂಡಿಸಿದ್ದು ರೊಟ್ಟಿಯನ್ನು ಅಳೆಯುವ ವಿಧಾನ. ಹಿಟ್ಟು ಎಷ್ಟು ನೀರು ಕುಡಿಯಿತು, ನಾದಿದಾಗ ಎಷ್ಟು ಜಿಗಿ ಬಂತು, ಹರಿಯದೆ ಎಷ್ಟು ಅಗಲಕ್ಕೆ ಹೋಯಿತು, ರೊಟ್ಟಿಯ ಬಣ್ಣ ಏನು, ರುಚಿ ಏನು, ಇಟ್ಟ ಮೇಲೆ ಹೇಗಾಯಿತು. ಹೋಲಿಕೆಗೆ ಇಟ್ಟ ಮಾದರಿ ಎಂ 35-1. ಅಡುಗೆಮನೆಯ ತಕರಾರು ತಳಿ ಅಭಿವೃದ್ಧಿಯ ಅಳತೆಗೋಲಾದದ್ದು ಹೀಗೆ. ಈ ಕೆಲಸ 1964ಕ್ಕೆ ಮೊದಲೇ ಆಗಿದ್ದರೆ ಎಂದು ಅನಿಸದೆ ಇರದು.

ಜಿಗಿ ಎಂದರೇನು ಎಂಬುದಕ್ಕೆ ರಸಾಯನಶಾಸ್ತ್ರದ ಉತ್ತರ ಸೊಗಸಾಗಿದೆ. ಗೋದಿ ಹಿಟ್ಟು ತಣ್ಣೀರಿಗೇ ನಾದಿಕೊಳ್ಳುತ್ತದೆ, ಅದರ ಗ್ಲುಟೆನ್ ಪ್ರೋಟೀನು ಎಳೆಎಳೆಯಾಗಿ ಹೆಣೆದುಕೊಂಡು ಹಿಡಿತ ಕೊಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಮುಖ್ಯ ಪ್ರೋಟೀನು ಕಾಫಿರಿನ್ ಸಣ್ಣ ಸಣ್ಣ ಉಂಡೆಗಳಾಗಿ ಮುದುಡಿಕೊಂಡಿರುತ್ತದೆ, ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಹಿಡಿತಕ್ಕೆ ಪಿಷ್ಟವನ್ನೇ ನಂಬಬೇಕು. ಜೋಳದ ಪಿಷ್ಟ ಅಂಟಾಗಬೇಕಾದರೆ ಸುಮಾರು 70 ಡಿಗ್ರಿ ಬಿಸಿ ಬೇಕು, ಗೋದಿಯ ಪಿಷ್ಟಕ್ಕಿಂತ ಹೆಚ್ಚು. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಸುರಿದಾಗ ಆಗುವುದು ಇದು: ಒಂದಷ್ಟು ಪಿಷ್ಟ ಅಲ್ಲೇ ಬೆಂದು ಗಂಜಿಯಾಗಿ, ಬೇಯದ ಉಳಿದ ಹಿಟ್ಟನ್ನು ಅಂಟಿಸಿಕೊಳ್ಳುತ್ತದೆ. ಎಸರು ಆರಿದ್ದರೆ ಎಷ್ಟು ನಾದಿದರೂ ಅಂಚು ಹರಿಯುತ್ತದೆ. ಎಸರು ಹೆಚ್ಚಾದರೆ ಕೈಗೆ ಮೆತ್ತಿಕೊಂಡು ಬಡಿಯಲು ಬರುವುದಿಲ್ಲ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುವುದು ಮೇಲಿನ ಪದರ ಒಣಗಿ ಬಿರಿಯದಿರಲಿ ಎಂದು. ಆ ಪದರ ಹಸಿಯಾಗಿ ಹಿಡಿದುಕೊಂಡಿದ್ದರೆ ಒಳಗಿನ ಉಗಿ ಹೊರಹೋಗಲಾರದೆ ರೊಟ್ಟಿ ಉಬ್ಬುತ್ತದೆ.

ಕಾಫಿರಿನ್ ಹೊಟ್ಟೆಯೊಳಗೂ ಮೊಂಡು. ಜೋಳವನ್ನು ನೀರಿನಲ್ಲಿ ಬೇಯಿಸಿದಾಗ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ. 1981ರಲ್ಲಿ ಪೆರು ದೇಶದಲ್ಲಿ ಅಪೌಷ್ಟಿಕತೆಯಿಂದ ಚೇತರಿಸಿಕೊಳ್ಳುತ್ತಿದ್ದ ಮಕ್ಕಳಿಗೆ ಬೇಯಿಸಿದ ಜೋಳ ಕೊಟ್ಟು ನೋಡಿದಾಗ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಮೈಗೆ ಹತ್ತಲೇ ಇಲ್ಲ. ‘ರೊಟ್ಟಿ ಉಂಡರ ಗಟ್ಟಿ ನಿಲ್ಲತೈತಿ’ ಎಂಬ ಮಾತಿಗೂ, ಸಕ್ಕರೆ ಕಾಯಿಲೆಯವರಿಗೆ ಜೋಳ ಒಳ್ಳೆಯದೆಂಬ ಇಂದಿನ ಸಲಹೆಗೂ ಒಂದು ಕಾರಣ ಈ ನಿಧಾನ ಜೀರ್ಣವೇ. ಬೊಜ್ಜು ಬಂದ ದೊಡ್ಡವರಿಗೆ ಗುಣವಾದದ್ದು ಸೊರಗಿದ ಮಗುವಿಗೆ ತೊಡಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಹೊರಬಂದ ಜಾಹೀರಾತುಗಳಲ್ಲಿ ಮಗುವಿನ ಮಾತು ನನಗೆ ಕಾಣಲಿಲ್ಲ.

ಕಾಣದ ಇನ್ನೊಂದು ಮಾತು ಪೆಲ್ಲಾಗ್ರ. ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆಯ ಚರ್ಮ ಸುಟ್ಟಂತೆ ಕಪ್ಪಾಗುವುದು, ಭೇದಿ, ಆಮೇಲೆ ಬುದ್ಧಿಭ್ರಮಣೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಗೋವಿನಜೋಳವನ್ನೇ ತಿಂದು ಬದುಕುವ ಬಡವರಿಗೆ ಬರುತ್ತಿದ್ದ ಈ ರೋಗಕ್ಕೆ ನಿಯಾಸಿನ್ ಎಂಬ ಜೀವಸತ್ವದ ಕೊರತೆ ಕಾರಣವೆಂದು 1937ರ ಹೊತ್ತಿಗೆ ಗೊತ್ತಾಗಿತ್ತು. ದಖ್ಖನ್ನಿನಲ್ಲಿ ಅದೇ ರೋಗ ಬಿಳಿಜೋಳ ಉಣ್ಣುವವರಲ್ಲಿ ಕಂಡಿತು. ಜೋಳದಲ್ಲಿ ನಿಯಾಸಿನ್ ಅಷ್ಟೇನೂ ಕಡಿಮೆಯಿಲ್ಲವಲ್ಲ ಎಂಬುದು ಒಗಟು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಅತಿಯಾಗಿದೆ, ಅದು ಮೈಯಲ್ಲಿ ನಿಯಾಸಿನ್ ಬಳಕೆಯನ್ನು ಕೆಡಿಸುತ್ತದೆ ಎಂದು. ಲ್ಯೂಸಿನ್ ಕಡಿಮೆ ಇರುವ ತಳಿಗಳ ಹುಡುಕಾಟವೂ ನಡೆಯಿತು. ಬೇರೆ ಪ್ರಯೋಗಾಲಯಗಳು ಈ ವಾದವನ್ನು ಪ್ರಶ್ನಿಸಿದವು, ವಾದ ದಶಕಗಳ ಕಾಲ ಎಳೆಯಿತು.

ವಾದ ನಡೆಯುತ್ತಿರುವಾಗಲೇ ರೋಗ ಹಿಂದೆ ಸರಿಯಿತು. ಅಗ್ಗದ ಅಕ್ಕಿ ಬಂತು, ಬೇಳೆ, ಹಾಲು, ತರಕಾರಿ ಬಡವರ ತಾಟಿಗೂ ಅಷ್ಟಿಷ್ಟು ಸೇರಿದವು. ರೊಟ್ಟಿ ಊಟ ಎಂದರೆ ಇಂದು ನಾವು ನೆನೆಯುವ ತಾಟನ್ನೇ ನೋಡಿ: ಹೆಸರುಕಾಳಿನ ಪಲ್ಯ, ಎಣ್ಣಿಗಾಯಿ, ಮೊಸರು, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಕಾಳು, ಮೊಸರು ಎರಡೂ ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಕೊಡುತ್ತವೆ. ನಿಯಾಸಿನ್ ಹೆಚ್ಚಿರುವ ಸಸ್ಯಾಹಾರಗಳಲ್ಲಿ ಶೇಂಗಾ ಮುಂದಿನ ಸಾಲಿನದು. ಇದನ್ನು ಹಿರಿಯರ ಜಾಣತನದ ಲೆಕ್ಕಕ್ಕೆ ಬರೆಯೋಣವೆಂದರೆ, ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ನಮ್ಮ ಕಡೆಯ ಹೊಲಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ. ಹೈದರಾಬಾದಿನ ಆಸ್ಪತ್ರೆಗೆ ಪೆಲ್ಲಾಗ್ರ ಹೊತ್ತು ಬಂದವರ ತಾಟಿನಲ್ಲಿ ಬಹುಮಟ್ಟಿಗೆ ಇದ್ದದ್ದು ಜೋಳವೊಂದೇ.